ಅರ್ಧ ಸೆಂಟ್ ತೆರಿಗೆ ಮತ್ತು ಸರದಿಯ ಕೊನೆಯಲ್ಲಿ ನಿಂತವರು: ಸಿನ್ಸಿನಾಟಿ ಕ್ರೀಡಾಂಗಣಗಳ ಪ್ರಕರಣ ಅಧ್ಯಯನ

ಸರ್ಕಾರಿ ದುಡ್ಡಿನಲ್ಲಿ ಕ್ರೀಡಾಂಗಣ ಕಟ್ಟಿ ಕೈ ಸುಟ್ಟುಕೊಂಡ ಅಮೆರಿಕದ ಊರುಗಳ ಮಾತು ಬಂದಾಗ ಸಿನ್ಸಿನಾಟಿಯ ಹೆಸರು ಬಾರದೇ ಇರುವುದು ಅಪರೂಪ. ಒಹಾಯೊ ನದಿಯ ದಂಡೆಯ ಈ ನಗರ ಹ್ಯಾಮಿಲ್ಟನ್ ಕೌಂಟಿಯಲ್ಲಿದೆ. ಕೌಂಟಿಯ ಜನಸಂಖ್ಯೆ ಎಂಟು ಲಕ್ಷಕ್ಕಿಂತ ಹೆಚ್ಚು. ಜನರಿಂದ ಆಯ್ಕೆಯಾದ ಮೂವರು ಕಮಿಷನರ್‌ಗಳು ಅದರ ಆಡಳಿತ ನೋಡುತ್ತಾರೆ. ಜೈಲು, ನ್ಯಾಯಾಲಯ, ಶೆರಿಫ್ ಪಡೆ (ಕೌಂಟಿಯ ಪೊಲೀಸರು), ಬಡವರ ಆರೋಗ್ಯ, ಮಕ್ಕಳ ರಕ್ಷಣೆ ಎಲ್ಲಕ್ಕೂ ದುಡ್ಡು ಒದಗಿಸುವುದು ಅವರ ಪಾಲಿನ ಕೆಲಸ. ನಮ್ಮ ಜಿಲ್ಲಾ ಪಂಚಾಯಿತಿಗೆ ಇಲ್ಲದ ಒಂದು ಅಧಿಕಾರವೂ ಅವರಿಗಿದೆ: ರಾಜ್ಯದ ಮಾರಾಟ ತೆರಿಗೆಯ ಮೇಲೆ ತಮ್ಮದೊಂದು ಸಣ್ಣ ಪಾಲನ್ನು ಕೂಡಿಸಿ ವಸೂಲಿ ಮಾಡಬಹುದು. ಈ ಪ್ರಕರಣ ಆ ಸಣ್ಣ ಪಾಲಿನದೇ.

1996ರ ಮಾರ್ಚ್‌ನಲ್ಲಿ ಮತದಾರರು ಪ್ರತಿ ಡಾಲರ್ ಖರೀದಿಯ ಮೇಲೆ ಅರ್ಧ ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆಗೆ ಒಪ್ಪಿಗೆ ಕೊಟ್ಟರು. ಪರವಾಗಿ ಬಿದ್ದದ್ದು ಸುಮಾರು 61% ಮತ. ಆ ದುಡ್ಡಿನಲ್ಲಿ ಎರಡು ಕ್ರೀಡಾಂಗಣ ಕಟ್ಟಬೇಕಿತ್ತು: ಅಮೆರಿಕನ್ ಫುಟ್‌ಬಾಲ್ ತಂಡ ಬೆಂಗಾಲ್ಸ್‌ಗೆ ಒಂದು, ಬೇಸ್‌ಬಾಲ್ ತಂಡ ರೆಡ್ಸ್‌ಗೆ ಇನ್ನೊಂದು. ಬದಲಿಗೆ ಸ್ವಂತ ಮನೆಯಲ್ಲಿ ವಾಸಿಸುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ವಾಗ್ದಾನ ಇತ್ತು. ಹೊಸ ತೆರಿಗೆಯ ಸಂಗ್ರಹದಲ್ಲಿ 30% ಭಾಗ ಅದಕ್ಕೆ ಮೀಸಲು.

ಈ ಪ್ರಕರಣವನ್ನು ಸಾಮಾನ್ಯವಾಗಿ ‘ದುಬಾರಿ ಕಟ್ಟಡ’ದ ಕಥೆಯಾಗಿ ಹೇಳಲಾಗುತ್ತದೆ. ಕಟ್ಟಡ ದುಬಾರಿಯಾದದ್ದು ನಿಜ. ಆದರೆ ಬಡಾವಣೆಗಳ ಪಾಲಿಗೆ ಹೆಚ್ಚು ನಷ್ಟ ಮಾಡಿದ್ದು ಕರಾರು. ಬರುವ ದುಡ್ಡಿನಲ್ಲಿ ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬ ಸರದಿಯನ್ನು ಅದು ಮೂರು ದಶಕಗಳ ಮಟ್ಟಿಗೆ ಗಟ್ಟಿ ಮಾಡಿಬಿಟ್ಟಿತು. ಕ್ರೀಡಾಂಗಣ ಮೊದಲು ನಿಂತಿತು. ಮನೆಯವರು, ಬಸ್ಸಿನವರು, ಆಸ್ಪತ್ರೆಯವರು ಹಿಂದೆ ನಿಂತರು.

ಬೆದರಿಕೆಯ ವರ್ಷ

ಎರಡೂ ತಂಡಗಳು 1970ರಿಂದ ರಿವರ್‌ಫ್ರಂಟ್ ಎಂಬ ಒಂದೇ ದುಂಡು ಕ್ರೀಡಾಂಗಣವನ್ನು ಹಂಚಿಕೊಂಡಿದ್ದವು. ಕಾಂಕ್ರೀಟ್ ಇನ್ನೂ ಗಟ್ಟಿಯಾಗಿತ್ತು. ಹಳತಾದದ್ದು ಆದಾಯದ ಲೆಕ್ಕ. ಕಂಪನಿಗಳಿಗೆ ಮಾರುವ ಐಷಾರಾಮಿ ಪೆಟ್ಟಿಗೆ ಕೊಠಡಿಗಳು, ಕ್ಲಬ್ ಆಸನಗಳು, ಜಾಹೀರಾತು ಜಾಗಗಳಿಂದ ಬರುವ ವರಮಾನ 1990ರ ದಶಕದ ಹೊಸ ಕ್ರೀಡಾಂಗಣಗಳಲ್ಲಿ ಬಹಳ ಹೆಚ್ಚಿತ್ತು. ಫುಟ್‌ಬಾಲ್ ಲೀಗ್‌ನಲ್ಲಿ ಟಿವಿ ಹಕ್ಕಿನ ದುಡ್ಡು ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಐಷಾರಾಮಿ ಕೊಠಡಿಗಳ ಬಾಡಿಗೆ ಹಾಗೆ ಹಂಚಿಕೆಯಾಗುವುದಿಲ್ಲ. ಪ್ರತಿ ಮಾಲೀಕನಿಗೂ ಹೊಸ ಕ್ರೀಡಾಂಗಣ ಬೇಕೆನಿಸುವುದು ಇದಕ್ಕೇ.

1995 ತಂಡಗಳು ಊರು ಬಿಡುವ ವರ್ಷವಾಗಿತ್ತು. ರ‍್ಯಾಮ್ಸ್ ಮತ್ತು ರೈಡರ್ಸ್ ಎರಡೂ ಲಾಸ್ ಏಂಜಲೀಸ್ ಬಿಟ್ಟು ಹೋದವು. ನವೆಂಬರ್‌ನಲ್ಲಿ ಒಹಾಯೊದ್ದೇ ಆದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಅದರ ಮಾಲೀಕ ಆರ್ಟ್ ಮೊಡೆಲ್ ಪ್ರಕಟಿಸಿದರು. ಬೆಂಗಾಲ್ಸ್ ಮಾಲೀಕ ಮೈಕ್ ಬ್ರೌನ್ ಕೂಡ ಅದೇ ವರ್ಷ ಬಾಲ್ಟಿಮೋರ್ ಜೊತೆ ಮಾತಾಡಿದ್ದರು. ಕಣ್ಣೆದುರೇ ಅದೇ ರಾಜ್ಯದ ತಂಡ ಹೋದ ಮೇಲೆ ಸಿನ್ಸಿನಾಟಿಯಲ್ಲಿ ಇದು ಬರಿಯ ಬೆದರಿಕೆ ಎಂದು ಧೈರ್ಯವಾಗಿ ಹೇಳುವವರು ಉಳಿಯಲಿಲ್ಲ. ಕಮಿಷನರ್‌ಗಳ ಮೊದಲ ಪ್ರಸ್ತಾವ ಒಂದು ಸೆಂಟ್ ತೆರಿಗೆಯದಾಗಿತ್ತು. ವಿರೋಧ ಬಂದಾಗ ಅದನ್ನು ಅರ್ಧಕ್ಕಿಳಿಸಿ, ಜೊತೆಗೆ ಆಸ್ತಿ ತೆರಿಗೆ ರಿಯಾಯಿತಿಯ ಸಿಹಿ ಸೇರಿಸಿ ಜನರ ಮುಂದಿಟ್ಟರು.

ಸಾರ್ವಜನಿಕ ಹಣದ ನೆರವು ಪಡೆದ ತಂಡ ರಾಜ್ಯ ಬಿಡುವ ಮೊದಲು ಆರು ತಿಂಗಳ ನೋಟಿಸ್ ಕೊಟ್ಟು ಸ್ಥಳೀಯರಿಗೆ ತಂಡ ಕೊಳ್ಳುವ ಅವಕಾಶ ಕೊಡಬೇಕು ಎಂಬ ಕಾನೂನನ್ನು ಒಹಾಯೊ ರೂಪಿಸಿದ್ದು ಇದೇ 1996ರಲ್ಲಿ, ಸಿನ್ಸಿನಾಟಿಯ ಮತದಾನ ಮುಗಿದ ಮೇಲೆ. ಆ ಕಾನೂನು ಕೆಲವು ತಿಂಗಳು ಮೊದಲೇ ಇದ್ದಿದ್ದರೆ ಮಾತುಕತೆಯ ಮೇಜಿನಲ್ಲಿ ಕೌಂಟಿಯ ಕೈ ಇಷ್ಟು ಕೆಳಗಿರುತ್ತಿರಲಿಲ್ಲ.

ತೆರಿಗೆಯ ಹೊರೆ ಯಾರ ಮೇಲೆ, ರಿಯಾಯಿತಿ ಯಾರಿಗೆ

ಮಾರಾಟ ತೆರಿಗೆ ಕೊಳ್ಳುವವರೆಲ್ಲರ ಮೇಲೂ ಬೀಳುತ್ತದೆ. ಒಹಾಯೊದಲ್ಲಿ ಮನೆಗೊಯ್ಯುವ ಆಹಾರಕ್ಕೆ ಈ ತೆರಿಗೆ ಇಲ್ಲ ಎಂಬುದು ನಿಜ. ಆದರೂ ಬಟ್ಟೆ, ಪಾತ್ರೆ, ಸೋಪು, ಫ್ರಿಜ್, ಹಳೆಯ ಕಾರು ಎಲ್ಲಕ್ಕೂ ಇದೆ. ಸಂಬಳ ಪೂರ್ತಿ ಖರ್ಚಾಗಿಹೋಗುವ ಮನೆಯವರ ಆದಾಯದಲ್ಲಿ ಇದರ ಪಾಲು ದೊಡ್ಡದು, ಉಳಿಸಿ ಹೂಡುವವರ ಆದಾಯದಲ್ಲಿ ಸಣ್ಣದು.

ರಿಯಾಯಿತಿ ಹೋಗುವುದು ಸ್ವಂತ ಮನೆಯಲ್ಲಿರುವವರಿಗೆ ಮಾತ್ರ. ಸಿನ್ಸಿನಾಟಿ ನಗರದಲ್ಲಿ ಬಾಡಿಗೆ ಮನೆಯವರೇ ಹೆಚ್ಚು, ಸ್ವಂತ ಮನೆಯವರು ಹೆಚ್ಚಾಗಿ ಹೊರವಲಯದ ಉಪನಗರಗಳಲ್ಲಿ. ಮನೆ ಬೆಲೆಬಾಳುವಷ್ಟೂ ರಿಯಾಯಿತಿಯೂ ದೊಡ್ಡದು. ಅಂದರೆ ನಗರದೊಳಗಿನ ಬಾಡಿಗೆದಾರ ತೆರಿಗೆ ಕಟ್ಟಿ ಕ್ರೀಡಾಂಗಣಕ್ಕೂ ಉಪನಗರದ ಮನೆಯವರಿಗೂ ದುಡ್ಡು ಕೊಟ್ಟ ಹಾಗಾಯಿತು. ಮತದಾನದ ಲೆಕ್ಕದಲ್ಲಿ ಇದು ಜಾಣ ಯೋಜನೆ: ಮತಗಟ್ಟೆಗೆ ತಪ್ಪದೆ ಬರುವವರು ಸ್ವಂತ ಮನೆಯವರು.

1997ರ ಕರಾರು

ಬೆಂಗಾಲ್ಸ್ ಜೊತೆಗಿನ ಗುತ್ತಿಗೆ ಕರಾರಿಗೆ 1997ರಲ್ಲಿ ಸಹಿ ಬಿತ್ತು. ಅದರ ಅವಧಿ 2026ರ ಜೂನ್ ತನಕ. ಕ್ರೀಡಾಂಗಣ ಕೌಂಟಿಯದು, ಬಳಕೆ ತಂಡದ್ದು. ಈ ಎರಡು ಮಾತಿನ ನಡುವೆ ಇರುವ ಷರತ್ತುಗಳೇ ಮುಂದಿನ ಎಲ್ಲವನ್ನೂ ನಿರ್ಧರಿಸಿದವು.

ನಿರ್ಮಾಣದಲ್ಲಿ ಅಂದಾಜು ಮೀರಿದ ಖರ್ಚು ಕೌಂಟಿಯ ಮೇಲೆ. 2000ದ ಋತುವಿಗೆ ಬಾಗಿಲು ತೆರೆಯಲೇಬೇಕೆಂಬ ಗಡುವು ಬೇರೆ. 1998ರಲ್ಲಿ ಕೆಲಸ ಶುರುವಾಗಿ 2000ದ ಆಗಸ್ಟ್‌ನಲ್ಲಿ ಪಾಲ್ ಬ್ರೌನ್ ಕ್ರೀಡಾಂಗಣ ತೆರೆದುಕೊಂಡಿತು. ಆಸನ ಸುಮಾರು 65,500. ಶುರುವಿನಲ್ಲಿ 28 ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ಅಂದಾಜು 45 ಕೋಟಿ ಡಾಲರ್ ಆಸುಪಾಸಿಗೆ ಮುಟ್ಟಿತು. ದಿನ ನಿಗದಿಯಾಗಿ ಮಿತಿಮೀರಿದ ಖರ್ಚಿನ ಹೊಣೆ ಒಬ್ಬರ ಮೇಲೇ ಇದ್ದಾಗ ಗುತ್ತಿಗೆದಾರರ ಜೊತೆ ಚೌಕಾಸಿ ಮಾಡುವ ಶಕ್ತಿ ಉಳಿಯುವುದಿಲ್ಲ. ಪಾಳಿ ಹೆಚ್ಚಿಸಿ, ನಕ್ಷೆ ಪೂರ್ತಿಯಾಗುವ ಮೊದಲೇ ಕೆಲಸ ಶುರುಮಾಡಿ, ಆಮೇಲಿನ ಬದಲಾವಣೆಗೆ ಕೇಳಿದಷ್ಟು ಕೊಡಬೇಕಾಗುತ್ತದೆ. ಜಾಗವೂ ಸುಲಭದ್ದಲ್ಲ. ನದಿಯ ಪ್ರವಾಹ ಬಯಲಿನಲ್ಲಿ ಏನೇ ಕಟ್ಟಿದರೂ ನೆರೆಯ ಮಟ್ಟಕ್ಕಿಂತ ಮೇಲೆತ್ತಬೇಕು. ಆ ದಂಡೆಯ ಹೊಸ ಬಡಾವಣೆ ‘ದ ಬ್ಯಾಂಕ್ಸ್’ ನಿಂತಿರುವುದೇ ಸಾರ್ವಜನಿಕ ದುಡ್ಡಿನ ಪಾರ್ಕಿಂಗ್ ಅಂತಸ್ತುಗಳ ಮೇಲೆ. ನದಿದಂಡೆ ಕ್ರೀಡಾಂಗಣದ ಜೊತೆಜೊತೆಗೇ ಜೀವ ಪಡೆಯುತ್ತದೆ ಎಂದು ಹೇಳಲಾಗಿತ್ತು. ಆ ಬಡಾವಣೆಯ ಮೊದಲ ಹಂತ ತೆರೆದದ್ದು 2011ರಲ್ಲಿ.

ಇನ್ನು ಬಾಡಿಗೆ. ತಂಡ ಮೊದಲ ಕೆಲವು ವರ್ಷ ಕಟ್ಟಿತು, 2009ರ ನಂತರ ಅದೂ ಇಲ್ಲ. ಟಿಕೆಟ್, ತಿಂಡಿ-ಪಾನೀಯ, ಜಾಹೀರಾತು ಆದಾಯದ ಬಹುಪಾಲು ತಂಡಕ್ಕೆ. ದೊಡ್ಡ ದುರಸ್ತಿಗಳೆಲ್ಲ ಕೌಂಟಿಗೆ. ಕರಾರಿನ ಕೊನೆಯ ವರ್ಷಗಳಲ್ಲಿ ಪಂದ್ಯದ ದಿನದ ನಿರ್ವಹಣೆ ಖರ್ಚೂ ಕೌಂಟಿಯ ತಲೆಗೆ ಬಂತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತನ್ನು ಕಾನೂನಿನ ಭಾಷೆಯಲ್ಲಿ ಬರೆದರೆ ಹೆಚ್ಚುಕಡಿಮೆ ಹೀಗಿರುತ್ತದೆ.

ಹೆಚ್ಚು ಸುದ್ದಿಯಾದದ್ದು ‘ಕಾಲಕ್ಕೆ ತಕ್ಕ ಮಟ್ಟ’ದ ಷರತ್ತು. ಲೀಗ್‌ನ ಬೇರೆ 14 ಕ್ರೀಡಾಂಗಣಗಳಲ್ಲಿ ಒಂದು ಹೊಸ ಸೌಕರ್ಯ ಬಂದರೆ ಇಲ್ಲಿಯೂ ಕೌಂಟಿ ಅದನ್ನು ಹಾಕಿಸಿಕೊಡಬೇಕು. ಆ ಸೌಕರ್ಯಗಳ ಪಟ್ಟಿಯಲ್ಲಿ ಆಗಿನ್ನೂ ಎಲ್ಲೂ ಇಲ್ಲದ ಹಾಲೊಗ್ರಾಫಿಕ್ ಮರುಪ್ರದರ್ಶನ ಯಂತ್ರವೂ ಇತ್ತು! ನಗು ಬರುತ್ತದೆ, ಆದರೆ ಷರತ್ತಿನ ಕೆಡುಕು ಇರುವುದು ಅದರ ರಚನೆಯಲ್ಲಿ. ಸ್ಕೋರ್‌ಬೋರ್ಡ್, ಧ್ವನಿ ವ್ಯವಸ್ಥೆ, ವೈ-ಫೈ, ಆಸನಗಳ ಖರ್ಚು ಎಷ್ಟು, ಯಾವಾಗ ಎಂದು ತೀರ್ಮಾನಿಸುವವರು ಬೇರೆ ಊರಿನವರು. ಕೌಂಟಿಯ ಬಜೆಟ್ ಅಧಿಕಾರಿಗೆ ಅದನ್ನು ಮುಂಚಿತವಾಗಿ ಲೆಕ್ಕ ಹಾಕುವ ದಾರಿಯೇ ಇಲ್ಲ.

ಬಾಡಿಗೆ ಇಷ್ಟು ಕಡಿಮೆ ಯಾಕೆ ಎಂಬುದಕ್ಕೆ ಮಾಲೀಕರ ಚೌಕಾಸಿ ಒಂದು ಉತ್ತರ. ಇನ್ನೊಂದು ಉತ್ತರ ಅಮೆರಿಕದ ಕೇಂದ್ರ ತೆರಿಗೆ ಕಾನೂನಿನಲ್ಲಿದೆ, ಅದರ ಬಗ್ಗೆ ಕಡಿಮೆ ಮಾತಾಗುತ್ತದೆ. ಸ್ಥಳೀಯ ಸರ್ಕಾರದ ಬಾಂಡಿನ (ಸಾಲಪತ್ರದ) ಬಡ್ಡಿಗೆ ಆದಾಯ ತೆರಿಗೆ ಇಲ್ಲದಿದ್ದರೆ ಹೂಡಿಕೆದಾರ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾನೆ. ಖಾಸಗಿ ಕಂಪನಿ ಬಳಸುವ ಕಟ್ಟಡಕ್ಕೆ ಈ ವಿನಾಯಿತಿ ಬೇಕಾದರೆ 1986ರ ತೆರಿಗೆ ಸುಧಾರಣೆ ಕಾನೂನಿನ ಪ್ರಕಾರ ಸಾಲದ ಕಂತಿನಲ್ಲಿ 10%ಗಿಂತ ಹೆಚ್ಚು ಪಾಲು ಆ ಖಾಸಗಿ ಬಳಕೆಯ ಆದಾಯದಿಂದ ಬರಬಾರದು. ಕ್ರೀಡಾಂಗಣಗಳಿಗೆ ಅಗ್ಗದ ಸಾಲ ಸಿಗದಂತೆ ಮಾಡುವುದು ಆ ನಿಯಮದ ಉದ್ದೇಶವಾಗಿತ್ತು. ಆದದ್ದು ಉಲ್ಟಾ. ಅಗ್ಗದ ಬಡ್ಡಿ ಉಳಿಸಿಕೊಳ್ಳಲು ಊರುಗಳು ಬಾಡಿಗೆಯನ್ನೇ ಇಳಿಸಿ, 90% ಕಂತನ್ನು ಸಾಮಾನ್ಯ ತೆರಿಗೆಯಿಂದ ತೀರಿಸತೊಡಗಿದವು. ತಂಡದಿಂದ ಹೆಚ್ಚು ಬಾಡಿಗೆ ಕೇಳುವುದೇ ಸಾಲವನ್ನು ದುಬಾರಿ ಮಾಡುವ ವಿಚಿತ್ರ ಸ್ಥಿತಿ ಇದು.

3% ಬೆಳವಣಿಗೆಯ ಲೆಕ್ಕ

ಇಡೀ ಯೋಜನೆ ನಿಂತಿದ್ದು ಮಾರಾಟ ತೆರಿಗೆಯ ಸಂಗ್ರಹ ವರ್ಷಕ್ಕೆ 3% ಬೆಳೆಯುತ್ತದೆ ಎಂಬ ಊಹೆಯ ಮೇಲೆ. 1990ರ ದಶಕದ ಒಳ್ಳೆಯ ದಿನಗಳಲ್ಲಿ ಅದು ಅತಿಯಾಸೆಯಂತೆ ಕಾಣುತ್ತಿರಲಿಲ್ಲ. ಆಮೇಲೆ 2001ರ ಹಿಂಜರಿತ ಬಂತು, 2008-09ರ ಇನ್ನೂ ದೊಡ್ಡ ಹೊಡೆತ ಬಿತ್ತು, ಅಂಗಡಿಗಳು ಅಕ್ಕಪಕ್ಕದ ಕೌಂಟಿಗಳಿಗೆ ಸರಿದವು. ಸಂಗ್ರಹ ಊಹೆಯ ಗೆರೆಗಿಂತ ಕೆಳಗೇ ಉಳಿಯಿತು.

ಸಣ್ಣ ವ್ಯತ್ಯಾಸ ಯಾಕಿಷ್ಟು ನೋವು ಕೊಡುತ್ತದೆ ಎಂದು ತಿಳಿಯಲು ಒಂದು ಮಾದರಿ ಲೆಕ್ಕ ಮಾಡೋಣ. ಇವು ಕೌಂಟಿಯ ನಿಜವಾದ ಅಂಕಿಗಳಲ್ಲ, ರಚನೆಯನ್ನು ತೋರಿಸುವ ಅಂಕಿಗಳು. ಮೊದಲ ವರ್ಷದ ಸಂಗ್ರಹ 100 ಎನ್ನಿ. 70 ಕ್ರೀಡಾಂಗಣಗಳ ಸಾಲ ಮತ್ತು ನಿರ್ವಹಣೆಗೆ, 30 ರಿಯಾಯಿತಿಗೆ. 3% ಬೆಳೆದರೆ 20 ವರ್ಷದಲ್ಲಿ ಸಂಗ್ರಹ 180.6 ಆಗುತ್ತದೆ. ಸಾಲದ ಕಂತುಗಳನ್ನೂ ಅದೇ ಏರಿಕೆಗೆ ಹೊಂದಿಸಿದ್ದರೆ ಕ್ರೀಡಾಂಗಣಕ್ಕೆ 126.4, ರಿಯಾಯಿತಿಗೆ 54.2. ಈಗ ಬೆಳವಣಿಗೆ 1.5% ಮಾತ್ರ ಎನ್ನಿ. 20ನೇ ವರ್ಷದ ಸಂಗ್ರಹ 134.7. ಕ್ರೀಡಾಂಗಣದ 126.4 ಕದಲುವುದಿಲ್ಲ, ಯಾಕೆಂದರೆ ಅದು ಬಾಂಡ್ ಮತ್ತು ಕರಾರು. ಉಳಿಯುವುದು 8.3. ಒಟ್ಟು ಸಂಗ್ರಹ ಕಾಲು ಭಾಗ ಕಡಿಮೆಯಾದರೆ ಮನೆಯವರ ಪಾಲು 85% ಕರಗುತ್ತದೆ. ಸರದಿಯ ಕೊನೆಯಲ್ಲಿ ನಿಲ್ಲುವುದೆಂದರೆ ಲೆಕ್ಕದಲ್ಲಿ ಇಷ್ಟು.

ಹ್ಯಾಮಿಲ್ಟನ್ ಕೌಂಟಿಯಲ್ಲಿ ಆದದ್ದು ಇದರದೇ ರೂಪ. 2011ಕ್ಕೆ ರಿಯಾಯಿತಿಯನ್ನು ಅರ್ಧಕ್ಕಿಳಿಸಲಾಯಿತು. ಸುಮಾರು ಅದೇ ಹೊತ್ತಿಗೆ ಕೌಂಟಿ ತನ್ನ ಕೈಯಲ್ಲಿದ್ದ ಡ್ರೇಕ್ ಆಸ್ಪತ್ರೆಯನ್ನು ವಿಶ್ವವಿದ್ಯಾಲಯದ ಜೊತೆ ನಂಟಿರುವ ಆಸ್ಪತ್ರೆ ಸಂಸ್ಥೆಗೆ 1.5 ಕೋಟಿ ಡಾಲರ್‌ಗೆ ಮಾರಿ, ಬಂದ ಹಣವನ್ನು ಕ್ರೀಡಾಂಗಣ ನಿಧಿಯ ತೂತು ಮುಚ್ಚಲು ಬಳಸಿತು. ದೀರ್ಘ ಕಾಲದ ಆರೈಕೆ ಮತ್ತು ಪುನಶ್ಚೇತನದ ರೋಗಿಗಳ ಸಾರ್ವಜನಿಕ ಆಸ್ಪತ್ರೆ ಅದು. ಆಸ್ಪತ್ರೆ ಮುಚ್ಚಿಹೋಗಲಿಲ್ಲ, ನಡೆಯುತ್ತಲೇ ಇದೆ. ಆದರೆ ಒಮ್ಮೆ ಮಾತ್ರ ಮಾರಬಹುದಾದ ಆಸ್ತಿಯನ್ನು ವರ್ಷವರ್ಷವೂ ಬರುವ ಕೊರತೆಗೆ ಹಾಕಿದ್ದು ಲೆಕ್ಕದ ಶಿಸ್ತು ಬಲ್ಲ ಯಾರಿಗೂ ಒಪ್ಪುವ ಕೆಲಸವಲ್ಲ.

ವಿಮರ್ಶಕರು ಆಗಾಗ ಜಾರುವ ಜಾಗವೊಂದಿದೆ. ಕ್ರೀಡಾಂಗಣ ನಿಧಿ ಬೇರೆ, ಕೌಂಟಿಯ ಸಾಮಾನ್ಯ ನಿಧಿ ಬೇರೆ. 2008ರ ಕೊನೆಗೆ 800ಕ್ಕೂ ಹೆಚ್ಚು ಹಾಸಿಗೆಗಳ ಕ್ವೀನ್ಸ್‌ಗೇಟ್ ಜೈಲನ್ನು ಮುಚ್ಚಿದ್ದು ಸಾಮಾನ್ಯ ನಿಧಿಯ ಕೊರತೆಯಿಂದ. ‘ಕ್ರೀಡಾಂಗಣಕ್ಕಾಗಿ ಜೈಲು ಮುಚ್ಚಿದರು’ ಎಂದರೆ ಅದು ಪೂರ್ತಿ ಸರಿಯಲ್ಲ. ನಂಟು ಇರುವುದು ಬೇರೆ ಕಡೆ: ಮತದಾರರ ತಾಳ್ಮೆಯಲ್ಲಿ.

ಮತಪೆಟ್ಟಿಗೆಯ ಸರದಿ

1996ರಲ್ಲಿ ಅರ್ಧ ಸೆಂಟ್ ಕ್ರೀಡಾಂಗಣಕ್ಕೆ: ಗೆದ್ದಿತು. 2002ರಲ್ಲಿ ಅರ್ಧ ಸೆಂಟ್ ಲಘು ರೈಲು ಮತ್ತು ಬಸ್ ಜಾಲಕ್ಕೆ: ಎರಡಕ್ಕೊಂದರ ಅಂತರದಲ್ಲಿ ಸೋತಿತು. 2006ರಲ್ಲಿ ಕಾಲು ಸೆಂಟ್ ಜೈಲಿಗೆ: ಸೋತಿತು. 2007ರಲ್ಲಿ ಅರ್ಧ ಸೆಂಟ್ ಜೈಲು ಮತ್ತು ಸುರಕ್ಷತೆಗೆ: ಅದನ್ನೂ ಜನ ತಳ್ಳಿಹಾಕಿದರು. 2014ರಲ್ಲಿ ಯೂನಿಯನ್ ಟರ್ಮಿನಲ್ ಎಂಬ ಹಳೆಯ ರೈಲು ನಿಲ್ದಾಣದ ಜೀರ್ಣೋದ್ಧಾರಕ್ಕೆ ಕಾಲು ಸೆಂಟ್, ಅದೂ ಐದೇ ವರ್ಷಕ್ಕೆ: ಇದು ಗೆದ್ದಿತು. ಮ್ಯೂಸಿಕ್ ಹಾಲ್ ಎಂಬ ಹಳೆಯ ಸಂಗೀತ ಸಭಾಂಗಣದ ದುರಸ್ತಿಯೂ ಅದರೊಳಗೆ ಸೇರಬೇಕಿತ್ತು, ಕಮಿಷನರ್‌ಗಳು ಅದನ್ನು ಕೈಬಿಟ್ಟಿದ್ದರು. ಬಸ್ಸಿಗಾಗಿ 0.8% ತೆರಿಗೆ ಪಾಸಾದದ್ದು 2020ರಲ್ಲಿ, ಅತಿ ಕಡಿಮೆ ಅಂತರದಲ್ಲಿ. ಅದಕ್ಕಾಗಿ ನಗರ ಜನರ ಸಂಪಾದನೆಯ ಮೇಲಿನ ತನ್ನ 0.3% ಗಳಿಕೆ ತೆರಿಗೆಯನ್ನು ಬಿಟ್ಟುಕೊಡಬೇಕಾಯಿತು, ಸಂಗ್ರಹದ ಕಾಲು ಭಾಗವನ್ನು ರಸ್ತೆ-ಸೇತುವೆಗಳಿಗೆ ಮೀಸಲಿಡಬೇಕಾಯಿತು.

ಈ ಸೋಲುಗಳಿಗೆಲ್ಲ ಕ್ರೀಡಾಂಗಣವೊಂದೇ ಕಾರಣ ಎಂದು ಹೇಳುವುದು ಜಾಸ್ತಿಯಾದೀತು. ರೈಲಿಗೆ ಉಪನಗರಗಳ ವಿರೋಧ ಸಾಕಷ್ಟಿತ್ತು, ಜೈಲಿನ ತೆರಿಗೆಗೆ ಎಡಬಲ ಎರಡೂ ಕಡೆಯಿಂದ ವಿರೋಧವಿತ್ತು. ಆದರೂ ಒಂದು ಊರು ಎಷ್ಟು ಸಲ ‘ಇನ್ನೊಂದು ಅರ್ಧ ಸೆಂಟ್’ ಎಂಬ ಮಾತನ್ನು ಕೇಳಿಸಿಕೊಳ್ಳುತ್ತದೆ ಎಂಬುದಕ್ಕೆ ಮಿತಿಯಿದೆ. ಮೊದಲು ಕೇಳಿದ್ದು ಕ್ರೀಡಾಂಗಣ. ಬಸ್ಸು ಕಾಯಬೇಕಾದದ್ದು 2002ರ ಸೋಲಿನಿಂದ ಲೆಕ್ಕ ಹಾಕಿದರೂ 18 ವರ್ಷ. ಬಡಾವಣೆಯ ಅಗತ್ಯಗಳನ್ನು ಕ್ರೀಡಾಂಗಣದ ಪಕ್ಕದಲ್ಲಿಟ್ಟು ತೂಗುವಾಗ ಡಾಲರಿನ ಜೊತೆ ಈ ಒಪ್ಪಿಗೆಯ ಬೆಲೆಯನ್ನೂ ಬರೆಯಬೇಕು. ಯಾವ ಯೋಜನಾ ವರದಿಯಲ್ಲೂ ಅದಕ್ಕೊಂದು ಕಾಲಂ ಇರುವುದಿಲ್ಲ.

ಆರ್ಥಿಕ ಲಾಭದ ಮಾತು ಹೇಗೂ ಬರುತ್ತದೆ: ಹೋಟೆಲು ತುಂಬುತ್ತದೆ, ಕೆಲಸ ಹುಟ್ಟುತ್ತದೆ ಎಂದು. ರಾಬರ್ಟ್ ಬಾಡೆ, ರಾಜರ್ ನೋಲ್, ಆಂಡ್ರ್ಯೂ ಝಿಂಬಲಿಸ್ಟ್ ಮುಂತಾದ ಅರ್ಥಶಾಸ್ತ್ರಜ್ಞರು 1990ರ ದಶಕದಿಂದಲೇ ಇದನ್ನು ಅಳೆದು, ಸ್ಥಳೀಯ ಆದಾಯದ ಮೇಲೆ ಪರಿಣಾಮ ಸೊನ್ನೆಯ ಹತ್ತಿರ ಎಂದು ತೋರಿಸಿದ್ದಾರೆ. ಕಾರಣ ಸರಳ. ಪಂದ್ಯಕ್ಕೆ ನೂರು ಡಾಲರ್ ಖರ್ಚು ಮಾಡಿದ ಊರಿನವನು ಆ ವಾರ ಸಿನಿಮಾ, ಊಟ, ಬೌಲಿಂಗ್‌ಗೆ ಖರ್ಚು ಮಾಡುತ್ತಿದ್ದ ನೂರು ಡಾಲರನ್ನೇ ಇಲ್ಲಿ ಹಾಕಿರುತ್ತಾನೆ. ತಂಡದ ಆದಾಯದ ದೊಡ್ಡ ಪಾಲು ಆಟಗಾರರ ಸಂಬಳಕ್ಕೆ ಹೋಗುತ್ತದೆ, ಅವರಲ್ಲಿ ಅನೇಕರು ಋತು ಮುಗಿದ ಮೇಲೆ ಆ ಊರಲ್ಲಿರುವುದೇ ಇಲ್ಲ. ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತವರಿನ ಪಂದ್ಯ, ಅಭ್ಯಾಸ ಪಂದ್ಯ ಎಲ್ಲ ಸೇರಿ ವರ್ಷಕ್ಕೆ ಸುಮಾರು ಹತ್ತು ದಿನ. 81 ತವರಿನ ಪಂದ್ಯಗಳಿರುವ ಬೇಸ್‌ಬಾಲ್ ಪಕ್ಕದಲ್ಲಿಟ್ಟರೆ ನದಿದಂಡೆಯ ದುಬಾರಿ ಜಾಗದಲ್ಲಿ ಫುಟ್‌ಬಾಲ್‌ನ ಹಕ್ಕು ಎಷ್ಟು ತೆಳು ಎಂಬುದು ಕಾಣುತ್ತದೆ.

ನ್ಯಾಯಾಲಯದಲ್ಲಿ ತಡವಾದದ್ದು

ತೆರಿಗೆಯ ಪರ ಮುಂದೆ ನಿಂತಿದ್ದ ಕಮಿಷನರ್ ಬಾಬ್ ಬೆಡಿಂಗ್‌ಹೌಸ್ 2000ದ ಚುನಾವಣೆಯಲ್ಲಿ ಸೋತರು. ಗೆದ್ದ ಟಾಡ್ ಪೋರ್ಚೂನ್ 2003ರಲ್ಲಿ ಬೆಂಗಾಲ್ಸ್ ಮತ್ತು ಲೀಗ್ ವಿರುದ್ಧ ದಾವೆ ಹೂಡಿದರು, ಆಮೇಲೆ ಕೌಂಟಿಯೇ ಅದನ್ನು ಮುಂದುವರಿಸಿತು. ತಂಡಗಳ ಸಂಖ್ಯೆಯನ್ನು ಬೇಕೆಂದೇ ಕಡಿಮೆ ಇಟ್ಟು, ಆ ಏಕಸ್ವಾಮ್ಯದ ಬಲದಿಂದ ಕೌಂಟಿಯನ್ನು ಮಣಿಸಿದರು ಎಂಬುದು ವಾದ. ವಾದದ ಸಾರಕ್ಕೆ ನ್ಯಾಯಾಲಯ ಇಳಿಯಲೇ ಇಲ್ಲ. ಸ್ಪರ್ಧಾ ಕಾನೂನಿನಲ್ಲಿ ದಾವೆಗೆ ನಾಲ್ಕು ವರ್ಷದ ಗಡುವು, ಕರಾರು ಆಗಿದ್ದು 1997ರಲ್ಲಿ. ಕಾಲ ಮೀರಿದೆ ಎಂದು ಜಿಲ್ಲಾ ನ್ಯಾಯಾಲಯ ತಳ್ಳಿಹಾಕಿತು, 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ಚುನಾವಣೆಯಲ್ಲಿ ಆಡಳಿತ ಬದಲಾಗುವ ಹೊತ್ತಿಗೆ ಹಳೆಯ ಕರಾರನ್ನು ಪ್ರಶ್ನಿಸುವ ಕಿಟಕಿ ಮುಚ್ಚುತ್ತಾ ಬಂದಿರುತ್ತದೆ. ಹೊಸಬರು ಗೆದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಗಡುವಿನ ಪಟ್ಟಿ ತಯಾರಿಸುವುದು.

ವೆಸ್ಟ್ ಎಂಡ್‌ನ ಇನ್ನೊಂದು ಬಗೆ

ಇದೇ ಊರಿನಲ್ಲಿ ಮೂರನೆಯ ಕ್ರೀಡಾಂಗಣವೂ ಎದ್ದಿತು. ಸಾಕರ್ ತಂಡ ಎಫ್‌ಸಿ ಸಿನ್ಸಿನಾಟಿ 2018ರಲ್ಲಿ ವೆಸ್ಟ್ ಎಂಡ್ ಬಡಾವಣೆಯನ್ನು ಆರಿಸಿಕೊಂಡಿತು. ಆ ಬಡಾವಣೆಯ ಹಿನ್ನೆಲೆ ಗೊತ್ತಿಲ್ಲದೆ ಅಲ್ಲಿನ ಸಿಟ್ಟು ಅರ್ಥವಾಗುವುದಿಲ್ಲ. 1950ರ ದಶಕದ ಕೊನೆಯಿಂದ ‘ನಗರ ನವೀಕರಣ’ ಮತ್ತು ಹೆದ್ದಾರಿಯ ಹೆಸರಲ್ಲಿ ವೆಸ್ಟ್ ಎಂಡ್‌ನ ಕೆನ್ಯನ್-ಬಾರ್ ಭಾಗವನ್ನು ನೆಲಸಮ ಮಾಡಿ ಸುಮಾರು 25,000 ಜನರನ್ನು ಎಬ್ಬಿಸಿದ್ದರು. ಬಹುತೇಕ ಎಲ್ಲರೂ ಕರಿಯರು. ಆ ಜಾಗವೇ ಇಂದಿನ ಕ್ವೀನ್ಸ್‌ಗೇಟ್.

ಈ ಸಲ ಕಟ್ಟಡದ ಖರ್ಚು ತಂಡದ್ದು. ನಗರ ಕೊಟ್ಟದ್ದು ರಸ್ತೆ, ಒಳಚರಂಡಿಯಂಥ ಮೂಲಸೌಕರ್ಯಕ್ಕೆ ಸುಮಾರು 3.5 ಕೋಟಿ ಡಾಲರ್. 2018ರ ಏಪ್ರಿಲ್‌ನಲ್ಲಿ ನಗರ ಸಭೆ 5-4ರಲ್ಲಿ ಒಪ್ಪಿತು. ಶಾಲಾ ಮಂಡಳಿ ಗಟ್ಟಿ ನಿಂತದ್ದರಿಂದ ತೆರಿಗೆಯ ಬದಲಿಗೆ ಹತ್ತು ವರ್ಷಗಳಲ್ಲಿ 2.5 ಕೋಟಿ ಡಾಲರ್ ಶಾಲೆಗಳಿಗೆ ಕೊಡಲು ತಂಡ ಒಪ್ಪಬೇಕಾಯಿತು, ಟಾಫ್ಟ್ ಹೈಸ್ಕೂಲಿನ ಆಟದ ಮೈದಾನವನ್ನು ತೆಗೆದ ಜಾಗಕ್ಕೆ ಬದಲಾಗಿ ಹೊಸದನ್ನು ಕಟ್ಟಿಕೊಡಬೇಕಾಯಿತು. ಬಡಾವಣೆಯ ಜನರಿಗೆ ತಂಡ ಏನು ಕೊಡಬೇಕು ಎಂದು ಬರೆದ ‘ಸಮುದಾಯ ಲಾಭದ ಒಪ್ಪಂದ’ವೂ ಆಯಿತು. ಕ್ರೀಡಾಂಗಣ 2021ರ ಮೇನಲ್ಲಿ ತೆರೆಯಿತು. ಇದನ್ನು ಆದರ್ಶ ಎಂದು ಹೊಗಳುವ ಅಗತ್ಯವಿಲ್ಲ. ಪಕ್ಕದ ಕೆಲವು ಕಟ್ಟಡಗಳ ಹಳೆಯ ಬಾಡಿಗೆದಾರರು ಮನೆ ಬಿಡಬೇಕಾಯಿತು, ಬಾಡಿಗೆ ಏರಿಕೆಯ ಭಯ ಉಳಿದೇ ಇದೆ. ಶಾಲಾ ಮಂಡಳಿಯಿಂದ ಕಲಿಯಬೇಕಾದದ್ದು ಒಂದು: ತಂಡಕ್ಕೆ ಬೇಕಾದ ಜಾಗ ಅದರ ಕೈಯಲ್ಲಿತ್ತು, ಅದನ್ನು ಬಿಟ್ಟುಕೊಡುವ ಮೊದಲೇ ಮೊತ್ತ ಬರೆಸಿಕೊಂಡಿತು. ಸಹಿಯಾದ ಮೇಲೆ ಕೇಳಿದ್ದಕ್ಕೆ ಬೆಲೆಯಿಲ್ಲ.

2025: ಎರಡನೆಯ ಸುತ್ತು

ಹಳೆಯ ಕರಾರಿನಲ್ಲಿ ತಂಡಕ್ಕೆ ಎರಡೆರಡು ವರ್ಷದ ವಿಸ್ತರಣೆಯ ಆಯ್ಕೆಗಳಿದ್ದವು. ಬಳಸುವುದೋ ಬಿಡುವುದೋ ತಂಡದ ಇಷ್ಟ. 2025ರ ಜೂನ್ ಕೊನೆಗೆ ಆ ಆಯ್ಕೆಯ ಗಡುವು ಬಂತು. ಗಡುವಿನ ಅಂಚಿನಲ್ಲೇ ಕಮಿಷನರ್‌ಗಳು 2-1ರಲ್ಲಿ ಹೊಸ ಕರಾರಿಗೆ ಒಪ್ಪಿದರು. 2022ರಿಂದ ಪೇಕಾರ್ ಕಂಪನಿಯ ಹೆಸರು ಹೊತ್ತ ಅದೇ ಪಾಲ್ ಬ್ರೌನ್ ಕ್ರೀಡಾಂಗಣದ ನವೀಕರಣಕ್ಕೆ 47 ಕೋಟಿ ಡಾಲರ್: ಕೌಂಟಿಯದು 35 ಕೋಟಿ, ತಂಡದ್ದು 12 ಕೋಟಿ. ಅವಧಿ 2036ರವರೆಗೆ, ಮುಂದಕ್ಕೆ ಇನ್ನೂ ಹತ್ತು ವರ್ಷದ ಆಯ್ಕೆಗಳು. ತಂಡದ ಪಾಲು ಕಾಲು ಭಾಗ, 1997ಕ್ಕೆ ಹೋಲಿಸಿದರೆ ಅದು ಕಣ್ಣಿಗೆ ಕಾಣುವ ಸುಧಾರಣೆ. ಆದರೆ 2000ದಲ್ಲಿ ಕಟ್ಟಿದ್ದಕ್ಕೆ ತಗುಲಿದಷ್ಟೇ ಮೊತ್ತ 25 ವರ್ಷದ ನಂತರ ಬರಿಯ ನವೀಕರಣಕ್ಕೆ ಬೇಕಾಯಿತು ಎಂಬುದನ್ನು ನೋಡಬೇಕು. ಬೆಲೆಯೇರಿಕೆಯನ್ನು ಕಳೆದರೆ ಈಗಿನದು ಸಣ್ಣದಾಗುತ್ತದೆ, ನಿಜ. ಆದರೂ ಕ್ರೀಡಾಂಗಣದ ಆಯುಷ್ಯ ಕಾಂಕ್ರೀಟಿನ ಆಯುಷ್ಯವಲ್ಲ, ಕರಾರಿನ ಆಯುಷ್ಯ. ರಿವರ್‌ಫ್ರಂಟ್ 32 ವರ್ಷಕ್ಕೆ ಸ್ಫೋಟದಲ್ಲಿ ಉರುಳಿತು.

ನಮ್ಮ ಕಡೆ ಓದುವಾಗ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಬೆಂಗಳೂರಿಗೆ ದೊಡ್ಡ ಕ್ರೀಡಾಂಗಣ ಬೇಕೆಂಬ ಕೂಗು ಎದ್ದಿತು. ಆಗಸ್ಟ್‌ನಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನದ ಕ್ರೀಡಾ ಸಂಕೀರ್ಣದ ಪ್ರಸ್ತಾವ ಮುಂದೆ ಬಂತು. ಅಂದಾಜು 1,650 ಕೋಟಿ ರೂಪಾಯಿ, ಹೊಣೆ ಕರ್ನಾಟಕ ಗೃಹ ಮಂಡಳಿಯದು. ನಮ್ಮಲ್ಲಿ ಮಾರಾಟ ತೆರಿಗೆಯ ಮತದಾನವಿಲ್ಲ, ಊರು ಬಿಡುವ ಬೆದರಿಕೆಯೂ ಅಷ್ಟಿಲ್ಲ. ಮನೆ, ನಿವೇಶನ ಒದಗಿಸಲೆಂದೇ ಇರುವ ಮಂಡಳಿ ದುಡ್ಡು ಹಾಕುವಾಗ ಸರದಿಯ ಪ್ರಶ್ನೆ ಮಾತ್ರ ಅದೇ.

ಇಂಥ ಯಾವುದೇ ಯೋಜನೆಯ ಕಾಗದ ಕೈಗೆ ಬಂದಾಗ ಚಿತ್ರಗಳ ಪುಟ ದಾಟಿ ಮೊದಲು ಹಣದ ಹರಿವಿನ ಪುಟಕ್ಕೆ ಹೋಗಿ. ಆದಾಯ ಬಂದ ಕೂಡಲೇ ಯಾರಿಗೆ, ಆಮೇಲೆ ಯಾರಿಗೆ ಎಂದು ಬರೆದುಕೊಳ್ಳಿ. ಕೊನೆಯಲ್ಲಿರುವವರ ಪಾಲನ್ನು ಬೆಳವಣಿಗೆ ದರ ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಹಾಕಿ. ಅದು ಒಂದಂಕಿಗೆ ಇಳಿದರೆ ಆ ವಾಗ್ದಾನವನ್ನು ಇಲ್ಲವೆಂದೇ ತಿಳಿಯಿರಿ. ಅಂದಾಜು ಮೀರಿದ ಖರ್ಚಿಗೆ ಗರಿಷ್ಠ ಮಿತಿಯ ಅಂಕಿ ಇದೆಯೇ ನೋಡಿ. ‘ಅಂತರರಾಷ್ಟ್ರೀಯ ಮಟ್ಟ ಕಾಯ್ದುಕೊಳ್ಳಬೇಕು’ ಎಂಬ ಒಂದು ಸಾಲು ಸಿಕ್ಕರೆ ಅದರ ಪಕ್ಕದಲ್ಲಿ ವರ್ಷಕ್ಕೆ ಗರಿಷ್ಠ ಎಷ್ಟು ರೂಪಾಯಿ ಎಂದು ಬರೆಸದೆ ಬಿಡಬೇಡಿ. ಬಳಸುವ ಸಂಸ್ಥೆ ಯಾವುದು, ಅದು ವರ್ಷಕ್ಕೆ ಎಷ್ಟು ದಿನ ಬಳಸುತ್ತದೆ, ಉಳಿದ ದಿನ ಸುತ್ತಲಿನ ಶಾಲೆ, ಕ್ಲಬ್‌ಗಳಿಗೆ ಎಷ್ಟು ಗಂಟೆ, ಯಾವ ದರಕ್ಕೆ ಎಂಬುದು ಭಾಷಣದಲ್ಲಿ ಇದ್ದರೆ ಸಾಲದು, ಕರಾರಿನ ಅನುಬಂಧದಲ್ಲಿ ಬೇಕು. ಅವಧಿ ವಿಸ್ತರಣೆಯ ಹಕ್ಕು ಎರಡೂ ಕಡೆಗಿದೆಯೋ ಒಂದೇ ಕಡೆಗೋ ಎಂದೂ ನೋಡಿ. ಒಂದೇ ಕಡೆಗಿದ್ದರೆ ಮುಂದಿನ ಗಡುವಿನ ದಿನ ಯಾವುದೆಂದು ಹುಡುಕಿ, ಮಾತುಕತೆಯನ್ನು ಅದಕ್ಕಿಂತ ಮೂರು ವರ್ಷ ಮೊದಲೇ ಶುರುಮಾಡಲು ಈಗಲೇ ಒತ್ತಾಯಿಸಿ.